ಹನ್ನೆರಡನೆಯ ಡಬ್ಬಿ

"ಹನ್ನೊಂದೇ!"

ಅಲಮೇಲು ಮತ್ತೊಮ್ಮೆ ಎಣಿಸಿದಳು. ಹನ್ನೊಂದೇ. ಬೆಳಗ್ಗೆ ಓವನ್ನಿನಿಂದ ತೆಗೆದದ್ದು ನೂರಿಪ್ಪತ್ತು ಬಿಸ್ಕತ್ತು, ಡಬ್ಬಿಗೆ ಹತ್ತು. ಒಂದನೇ ಕ್ಲಾಸಿನ ಮಗುವನ್ನು ಕೇಳಿದರೂ ಹನ್ನೆರಡು ಡಬ್ಬಿ ಅನ್ನುತ್ತದೆ. ಮೂರು ದಿನದಿಂದ ಇದೇ ಕಥೆ. ದಿನಕ್ಕೊಂದು ಡಬ್ಬಿಯನ್ನು ನೆಲ ನುಂಗಿತೇ?

ಕುವೆಂಪುನಗರದ ಆ ಮನೆಯಲ್ಲಿ ನುಂಗುವ ಬಾಯಿಗಳಿದ್ದದ್ದೇ ಮೂರು. ಗಂಡ ಸುಂದರೇಶನಿಗೆ ಸಕ್ಕರೆ ಕಾಯಿಲೆ. ಕದ್ದು ತಿಂದರೂ ಅವನ ಮೀಸೆಯೇ ಚಾಡಿ ಹೇಳಿಬಿಡುತ್ತಿತ್ತು. ಉಳಿದವಳು ಸಿದ್ದಲಿಂಗಮ್ಮ. ಇಪ್ಪತ್ತು ವರ್ಷ ಬುಟ್ಟಿ ಹೊತ್ತು ಸೊಪ್ಪು ಮಾರಿ, ಮಂಡಿ ಕೈಕೊಟ್ಟ ಮೇಲೆ ನಜರ್‌ಬಾದಿನಿಂದ ಬಸ್ಸು ಹಿಡಿದು ಇಲ್ಲಿಗೆ ಬರುತ್ತಿದ್ದಳು. ಅಲಮೇಲು ಬೇಯಿಸಿದ್ದನ್ನು ಕರಗಿದ ಚಾಕೊಲೇಟಿನಲ್ಲಿ ಅದ್ದಿ, ಆರಿಸಿ, ಹೊರಗಿನ ವರಾಂಡದಲ್ಲಿ ಕೂತು ಡಬ್ಬಿಗೆ ತುಂಬಿ ಅಂಟಿಸುವುದು ಅವಳ ಕೆಲಸ; ತುಂಬುವುದನ್ನು ಅವಳಿಗೆ ಒಪ್ಪಿಸಿ ಮೂರೇ ದಿನವಾಗಿತ್ತು. ಅವಳು ಅದ್ದಿದರೆ ಗಾಜಿನ ಹೊಳಪು. ಅಲಮೇಲು ಅದ್ದಿದರೆ ಬೆರಣಿ ತಟ್ಟಿದ ಹಾಗೆ!

ಬೆಣ್ಣೆ, ಮೈದಾ, ಚಾಕೊಲೇಟು, ಕೂಲಿ ಎಲ್ಲ ಸೇರಿ ಬಿಸ್ಕತ್ತಿಗೆ ಹದಿನೈದು ರೂಪಾಯಿ ಬೀಳುತ್ತಿತ್ತು. ಮಾರುವುದು ಹದಿನೆಂಟಕ್ಕೆ. ಗೋಕುಲಂನಲ್ಲಿ ಅಂಗಡಿ ಇಟ್ಟು ಡಬ್ಬಿಗಳನ್ನೆಲ್ಲ ಕೊಳ್ಳುತ್ತಿದ್ದ ಪ್ರೇಮಲೀಲಾ ಅದಕ್ಕಿಂತ ಒಂದು ರೂಪಾಯಿ ಏರಿಸಲೂ ಬಿಡಳು. ಡಬ್ಬಿಯೊಂದು ಹೋದರೆ ದಿನದ ಲಾಭದಲ್ಲಿ ಅರ್ಧ ಹೋದಂತೆಯೇ.

"ಅವಳನ್ನೇ ಕೇಳಿಬಿಡೋದಲ್ವೇನೇ?" ಎಂದ ಸುಂದರೇಶ.

"ಕೇಳಿದ್ರೆ ಕಳ್ಳಿ ಹೌದು ಅಂತಾಳೇನ್ರೀ? ಸುಮ್ನಿರಿ, ಕೈಯಾರೆ ಹಿಡೀತೀನಿ."

ನಾಲ್ಕನೇ ದಿನವೂ ಹನ್ನೊಂದೇ. ಸಿದ್ದಲಿಂಗಮ್ಮ ಹೊರಡುವ ಹೊತ್ತಿಗೆ ಅಲಮೇಲು ಬಾಗಿಲಿಗೆ ಅಡ್ಡ ನಿಂತಳು.

"ಒಂದ್ನಿಮಿಷ. ಆ ಚೀಲ ಸ್ವಲ್ಪ ತೋರಿಸಿ."

ಸಿದ್ದಲಿಂಗಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಚೀಲವನ್ನು ನೆಲಕ್ಕೆ ಸುರಿದಳು. ಖಾಲಿ ಊಟದ ಡಬ್ಬಿ, ಮಂಡಿಗೆ ಹಚ್ಚುವ ಮುಲಾಮು, ಬಸ್ಸಿನಲ್ಲಿ ತೋರಿಸುವ ಆಧಾರ್ ಕಾರ್ಡು. ಅಷ್ಟೇ.

"ಸೆರಗೂ ಒದರ್ಲಾ ಅಮ್ಮಾವ್ರೇ?"

ಅಲಮೇಲು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ಮುಂಚೆಯೇ ಯಾರ ಕೈಯಲ್ಲೋ ಸಾಗಿಸಿರಬೇಕು ಅಂದುಕೊಂಡಳು.

"ನಾಳೆಯಿಂದ ಬರಾಕಿಲ್ಲ ಬುಡಿ" ಎಂದು ಸಿದ್ದಲಿಂಗಮ್ಮ ಸಾಮಾನು ತುಂಬಿಕೊಂಡು ಹೋದಳು.

ಮಾರನೆಯ ದಿನ ಅಲಮೇಲುವೇ ಅದ್ದಿದಳು, ಅವಳೇ ತುಂಬಿದಳು. ಸರಿಯಾಗಿ ಹನ್ನೆರಡು ಡಬ್ಬಿ! "ನೋಡಿದ್ರಾ? ನಾನ್ ಹೇಳ್ಲಿಲ್ವಾ?" ಎಂದು ಮನೆಯೆಲ್ಲ ಕೇಳಿಸುವಂತೆ ಕೂಗಿದಳು. ಸುಂದರೇಶ ಬೆರಣಿಗಳನ್ನು ನೋಡಿ ಪೇಪರಿಗೆ ಮುಖ ಮರೆಮಾಡಿಕೊಂಡ.

ಸಂಜೆ ಪ್ರೇಮಲೀಲಾಳ ಫೋನು ಬಂತು. "ಏನ್ರೀ ಅಲಮೇಲು, ಅಂದ ಕೆಟ್ಟಿದ್ದು ಹಾಳಾಗ್ಲಿ, ಕೊಸರು ಯಾಕ್ರೀ ನಿಲ್ಲಿಸಿಬಿಟ್ರಿ?"

"ಯಾವ ಕೊಸರು?"

"ಕಾಗದದಲ್ಲಿ ಸುತ್ತಿ ಮೇಲೊಂದು ಜಾಸ್ತಿ ಇಡ್ತಿದ್ರಲ್ಲ. ಹತ್ತು ಡಬ್ಬೀಲೂ ಇರ್ತಿತ್ತು, ಹನ್ನೊಂದನೇದ್ರಲ್ಲಿ ಮಾತ್ರ ಇರ್ತಿರ್ಲಿಲ್ಲ. ಅದಕ್ಕೋಸ್ಕರಾನೇ ಜನ ಹುಡುಕ್ಕೊಂಡು ಬರ್ತಿದ್ರು ಕಣ್ರೀ!"

ಅಲಮೇಲು ಬೆರಳು ಮಡಿಸಿ ಎಣಿಸಿದಳು: ಹತ್ತು ಡಬ್ಬಿಗೆ ಹನ್ನೊಂದರಂತೆ, ಕೊನೆಯದಕ್ಕೆ ಹತ್ತು, ಒಟ್ಟು ನೂರಿಪ್ಪತ್ತೇ! ಕಟ್ಟು ಕೊಂಡವರಿಗೆ ಮೇಲೊಂದು ಹಿಡಿ ಹಾಕದೆ ಬುಟ್ಟಿ ಎತ್ತುವುದು ಸೊಪ್ಪು ಮಾರಿದ ಆ ಕೈಗೆ ಗೊತ್ತೇ ಇರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು. ಕೇಳಬೇಕಿತ್ತಲ್ಲ! ನಾಚಿಕೆಯಿಂದ ಸತ್ತೇ ಹೋಗಬೇಕೆನಿಸಿತು.

ಬೆಳಗಾಗುತ್ತಲೇ ಒಂದು ಡಬ್ಬಿ ಹಿಡಿದು ನಜರ್‌ಬಾದಿಗೆ ಹೋದಳು. ಸಿದ್ದಲಿಂಗಮ್ಮ ಚಾಪೆ ಹಾಸಿ ಕೂರಿಸಿದಳು, ನೀರು ಕೊಟ್ಟಳು.

"ತಪ್ಪಾಯ್ತು ಸಿದ್ದಲಿಂಗಮ್ಮ. ಬಂದ್ಬಿಡಿ."

ಸಿದ್ದಲಿಂಗಮ್ಮ ಡಬ್ಬಿ ತೆರೆದು ಬಿಸ್ಕತ್ತುಗಳನ್ನು ಒಂದೊಂದಾಗಿ ತಟ್ಟೆಗಿಟ್ಟಳು, ಬಾಯಿಬಿಟ್ಟು ಎಣಿಸುತ್ತ. ಹತ್ತಾದ ಮೇಲೆ ಡಬ್ಬಿಯಲ್ಲಿ ಇನ್ನೊಂದಿತ್ತು. ಅದನ್ನೆತ್ತಿ ಅಲಮೇಲುವಿನ ಅಂಗೈಗಿಟ್ಟಳು.

"ಒಂದು ಎಚ್ಗೆ ಬಂದ್ಬುಟ್ಟದೆ ಅಮ್ಮಾವ್ರೇ. ತಕ್ಕೊಂಡೋಗಿ. ಲೆಕ್ಕ ತಪ್ಪೋಯ್ತದೆ."

ಅಲಮೇಲು ಅದನ್ನು ಹಿಡಿದುಕೊಂಡೇ ಕೂತಳು. ಕೈಯ ಬಿಸಿಗೆ ಚಾಕೊಲೇಟು ಕರಗಿ ಬೆರಳ ಸಂದಿಗೆ ಇಳಿಯತೊಡಗಿತು.