ವರ್ಲಿನ್‌ನ ಕಾರಿಗೆ ಹೊಸ ಪಿಕಪ್

ಮಿಲ್ ಸ್ಟ್ರೀಟಿನ ಏರಿನಲ್ಲಿ, ಒಹಾಯೋ ನದಿಯ ದಂಡೆಯ ಆ ಊರಿಗೆ ಊರೇ ನೋಡುತ್ತಿದ್ದಾಗ, ವರ್ಲಿನ್‌ನ ಭಾರಿ ಇಂಜಿನ್ನಿನ ಹಳೆಯ ಮಸಲ್ ಕಾರು ಮತ್ತೆ ಮತ್ತೆ ಆಫ್ ಆಗಿ ಹಿಂದಕ್ಕೆ ಉರುಳಿತ್ತು. ಅಂದು ಹಾಸಿಗೆ ಹಿಡಿದವನು ಏಳಲೊಲ್ಲ. ಎಡಗಾಲಿನ ನರ ಸೋಲುತ್ತಿದೆ ಎಂದು ಡಾಕ್ಟರು ಹೇಳಿದ್ದರು. ವರ್ಲಿನ್ ಮಾತ್ರ, "ಕಾಲಿಗೇನಾಗಿದೆ? ಕಾರಿಗೆ ಪಿಕಪ್ಪೇ ಇಲ್ಲ" ಎನ್ನುತ್ತಿದ್ದ.

ಹೆಂಡತಿ ನಡೀನ್ ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಮಾತು ಪೂರ್ತಿ ಸುಳ್ಳೂ ಅಲ್ಲ. ಹರೆಯದ ಹುಚ್ಚಿನಲ್ಲಿ ಅವನೇ ಇಂಜಿನ್ನಿನ ವಾಲ್ವುಗಳನ್ನು ಆಡಿಸುವ ಕ್ಯಾಮ್ ಶಾಫ್ಟ್ ತೆಗೆದು ರೇಸ್ ಕಾರಿನದ್ದು ಹಾಕಿದ್ದ. ಕಾರು ನಿಂತಲ್ಲೇ ಗುಡುಗಿ ಬೀದಿಯನ್ನೆಲ್ಲ ಎಬ್ಬಿಸುತ್ತಿತ್ತು. ವೇಗ ಹಿಡಿದರೆ ಕುದುರೆ, ಹೊರಡುವಾಗ ಕತ್ತೆ! ಜೋರಾಗಿ ರೇಸ್ ಕೊಟ್ಟು, ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಡುತ್ತ ಹೋಗಬೇಕು. ಆ ನಾಜೂಕು ಈಗ ಅವನ ಎಡಗಾಲಿಗೆಲ್ಲಿಂದ ಬರಬೇಕು?

ಮದುವೆಯಾದಾಗಿನಿಂದ ಗ್ಯಾರೇಜಿನಲ್ಲಿ ಅವನ ಜೊತೆ ಕೈ ಕಪ್ಪು ಮಾಡಿಕೊಂಡವಳು ನಡೀನ್. ಅವನನ್ನು ಕೇಳದೆಯೇ ಆ ಕ್ಯಾಮನ್ನು ಕಿತ್ತು ಸಾದಾ ಕ್ಯಾಮ್ ಹಾಕಿದಳು, ಪೆಟ್ರೋಲ್ ಉಣಿಸುವ ಕಾರ್ಬ್ಯುರೇಟರನ್ನೂ ಬದಲಿಸಿ ಚಿಕ್ಕದು ಹಾಕಿದಳು. ಸ್ಟಾರ್ಟ್ ಮಾಡಿದರೆ ಇಂಜಿನ್ ಮೆಲ್ಲಗೆ ಗುನುಗಿತು.

"ಯಾರ ಕಾರದು?" ಒಳಗಿನಿಂದ ವರ್ಲಿನ್ ಕೂಗಿದ.

"ನಿಂದೇ ಕಣೋ ಸೋಮಾರಿ. ಎದ್ದು ಬಾ."

"ನನ್ ಗುಡುಗೆಲ್ಲಿ ಹೋಯ್ತೇ?"

"ಗುಡುಗು ಕಟ್ಕೊಂಡು ಏರು ಹತ್ತಕ್ಕಾಗುತ್ತಾ? ಬಾ ಅಂದ್ರೆ."

ಗೋಡೆ ಹಿಡಿದು ಬಂದು ಸ್ಟಿಯರಿಂಗ್ ಹಿಡಿದ, ನಡೀನ್ ಪಕ್ಕದಲ್ಲಿ ಕೂತಳು. ಮಿಲ್ ಸ್ಟ್ರೀಟಿನ ಏರಿನ ನಡುವೆ ಕಾರು ನಿಲ್ಲಿಸಿ, ರೇಸ್ ಕೊಡದೆಯೇ ಕ್ಲಚ್ಚಿನಿಂದ ಕಾಲು ತೆಗೆದ. ಕಾರು ಒಮ್ಮೆಯೂ ಮುಗ್ಗರಿಸದೆ ಎತ್ತಿನ ಹಾಗೆ ಎಳೆದುಕೊಂಡು ಹತ್ತಿತು. ನಡೀನ್ ಮಕ್ಕಳಂತೆ ಚಪ್ಪಾಳೆ ತಟ್ಟಿದಳು.

ಏರಿನ ತುದಿಯಲ್ಲಿ ಲಾರಿಗಳು ಓಡಾಡುವ ದೊಡ್ಡ ರಸ್ತೆ. ವರ್ಲಿನ್ ಬ್ರೇಕ್ ಒತ್ತಿದ. ಎಡಗಾಲು ಮೇಲೇಳಲಿಲ್ಲ. ಕೈಯಿಂದ ಮೊಣಕಾಲೆತ್ತಿ ಕ್ಲಚ್ಚಿನ ಮೇಲಿಟ್ಟ, ಒತ್ತಲು ಆಗಲಿಲ್ಲ. ಹಳೆಯ ಕ್ಯಾಮ್ ಇದ್ದಿದ್ದರೆ ಇಂಜಿನ್ ಅಲ್ಲೇ ಆಫ್ ಆಗುತ್ತಿತ್ತು. ಇದು ಬ್ರೇಕಿಗೂ ಬಗ್ಗದೆ ಲಾರಿಗಳ ಕಡೆಗೆ ದೂಡುತ್ತಲೇ ಇತ್ತು.

"ಕಾಲು ಬರ್ತಿಲ್ಲ ಕಣೇ!"

ನಡೀನ್ ಬಾಗಿ ಕೀಲಿ ತಿರುಗಿಸಿದಳು. ಕಾರು ನಿಂತಿತು.

ವರ್ಲಿನ್ ಸ್ಟಿಯರಿಂಗಿಗೆ ಹಣೆ ಆನಿಸಿದ. "ಕಾರೇನೋ ಚೆನ್ನಾಗೇ ಮಾಡಿದ್ದೀಯ. ಇಷ್ಟ್ ದಿನ ತಪ್ಪೆಲ್ಲಾ ಅದರದ್ದು ಅಂದ್ಕೊಂಡಾದ್ರೂ ನಿದ್ದೆ ಬರ್ತಿತ್ತು, ನಡೀನ್. ಇನ್ಮೇಲೆ ಯಾರನ್ನ ಬೈಲಿ?"

"ನನ್ನ ಬೈಯೋ," ಎಂದಳು. ಅವನ ತೋಳು ಹಿಡಿದು ಅಲುಗಾಡಿಸಿದಳು. "ಬಾಯಿಗೆ ಬಂದಂಗೆ ಬೈಯೋ."

ಹಿಂದಿನ ಕಾರುಗಳು ಹಾರ್ನ್ ಹೊಡೆಯುತ್ತಿದ್ದವು. ಅವನು ಬೈಯಲಿಲ್ಲ.