ನ್ಯೂಟ್ರಲ್‌ನಲ್ಲೂ ನಿಲ್ಲದ ಆವಾಜು

ಡಿಸೆಂಬರಿನ ಎರಡನೇ ಶನಿವಾರ. ಕಾಲುವೆ ಕೆಳಗಿನ ಭತ್ತ ಕೊಯ್ಲಿಗೆ ಬಂದಿದ್ದರಿಂದ, ಶಹಾಪುರದ ಸುರಪುರ ರಸ್ತೆಯಲ್ಲಿರುವ ಮುನಾವರನ ಗ್ಯಾರೇಜಿನ ಮುಂದೆ ಬೆಳಿಗ್ಗೆ ಏಳಕ್ಕೇ ಮೂರು ಟ್ರ್ಯಾಕ್ಟರುಗಳು ಸಾಲು ಹಚ್ಚಿದ್ದವು. ಪಕ್ಕದ ಗೋದಾಮಿನ ಅಂಗಳದಲ್ಲಿ ಮೇಸ್ತ್ರಿ ಮೌನಪ್ಪನ ಹಮಾಲರು ಲಾರಿಯಿಂದ ಭತ್ತದ ಚೀಲ ಇಳಿಸುತ್ತಿದ್ದರು. ಗ್ಯಾರೇಜಿನ ಗುಂಡಿಯಲ್ಲಿ ಮೊಣಕಾಲುದ್ದ ನೀರು. ಕಾಲುವೆಗೆ ನೀರು ಬಿಟ್ಟ ಮೇಲೆ ಪ್ರತಿ ವರ್ಷ ಬಸಿನೀರು ಅಲ್ಲಿಗೆ ಬರುತ್ತದೆ. ಗಾಡಿಗಳ ಹೊಟ್ಟೆ ನೋಡಲೆಂದು ತೋಡಿಸಿದ ಗುಂಡಿ ನಾಲ್ಕು ತಿಂಗಳು ಕಪ್ಪೆಗಳ ಪಾಲು. ಆಗೆಲ್ಲ ಮುನಾವರ ಗೋಣಿ ಹಾಸಿಕೊಂಡು ನೆಲದ ಮೇಲೇ ಟ್ರ್ಯಾಕ್ಟರಿನ ಕೆಳಗೆ ನುಗ್ಗುತ್ತಾನೆ. ಟ್ರ್ಯಾಕ್ಟರಿನ ಹೊಟ್ಟೆ ಎತ್ತರದಲ್ಲಿರುವುದರಿಂದ ತೊಂದರೆಯಿಲ್ಲ.

ಎಂಟು ಗಂಟೆಗೆ ಯಶೋಧರಾಳ ಹಸಿರು ಕಾರು ಬಂದು ನಿಂತಿತು. ಎರಡೇ ಬಾಗಿಲು, ಎರಡೇ ಸೀಟು, ಹಿಂದಕ್ಕೆ ಮಡಚುವ ಬಟ್ಟೆಯ ಛಾವಣಿ. ಇಪ್ಪತ್ತಾರು ವರ್ಷ ಹಳೆಯದು. ನೆಲಕ್ಕೂ ಅದಕ್ಕೂ ಅಂತರ ಐದು ಬೆರಳು. ಸುರಪುರದ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಯಶೋಧರಾ ಕಳೆದ ವರ್ಷ ಹೈದರಾಬಾದಿಗೆ ಹೋಗಿ ಅದನ್ನು ಕೊಂಡು ತಂದಿದ್ದಳು. ಶಹಾಪುರದ ಮನೆಯಿಂದ ಕಾಲೇಜಿಗೆ ದಿನಾ ಅದರಲ್ಲೇ ಹೋಗುತ್ತಿದ್ದಳು.

ಹತ್ತು ದಿನದಿಂದ ಗಾಡಿಯಲ್ಲಿ ಒಂದು ಆವಾಜು. ಬುಧವಾರ ಮುನಾವರ ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿ ಬಂದು, ಗೇರಿನ ಹಿಡಿಕೆಗೆ ಕೈ ಇಟ್ಟು, "ಗೇರ್‌ಬಾಕ್ಸ್ ಹೋಗ್ಯದ" ಎಂದು ಹೇಳಿಬಿಟ್ಟಿದ್ದ. ಆ ಗಾಡಿಯ ಗೇರ್‌ಬಾಕ್ಸ್ ಈ ದೇಶದಲ್ಲಿ ಸಿಗುವುದಿಲ್ಲ. ಹೊರಗಿನಿಂದ ತರಿಸಿದರೆ ಗಾಡಿಯ ಬೆಲೆಗಿಂತ ಹೆಚ್ಚು. ವಡಗೇರಾದಲ್ಲಿ ಗುಮಾಸ್ತನಾಗಿರುವ ಅವಳ ಅಣ್ಣ ಬುದ್ಧಪ್ರಿಯ, "ಮಾರಿಬಿಡು ತಂಗಿ, ಪೀಡಾ ಹೋಗಲಿ" ಎಂದಿದ್ದ. ಅವಳೂ ಒಪ್ಪಿದ್ದಳು. ಗೇರ್‌ಬಾಕ್ಸ್ ಹೋಗಿದ್ದರೆ ಮಾರುವುದೇ ಸರಿ. ಹಳೆ ಕಾರು ಕೊಳ್ಳುವ ರಾಯಚೂರಿನ ಮನ್ಸೂರಅಲಿ ನಾಳೆ ಮಧ್ಯಾಹ್ನ ಬರುವವನಿದ್ದ. ಅವನು ಮುನಾವರನಿಗೆ ಪರಿಚಯದವನು. ಮುನಾವರನೇ ಫೋನಿನಲ್ಲಿ ಅವನಿಗೂ ಗೇರ್‌ಬಾಕ್ಸಿನ ವಿಷಯ ಹೇಳಿದ್ದ.

"ಇನ್ನೊಮ್ಮಿ ಕೇಳ್ರಿ, ಮುನಾವರಭಾಯಿ," ಎಂದಳು ಯಶೋಧರಾ. ಕೈಯಲ್ಲಿ ಒಂದು ನೋಟುಪುಸ್ತಕವಿತ್ತು.

"ಬುಧವಾರನೇ ಹೇಳೀನಲ್ರಿ ಮೇಡಂ. ಆವಾಜು ದಿನಾ ಬದಲಿ ಆಗ್ತದೇನು?"

"ಬರದಿಟ್ಟೀನಿ. ಓದ್ತೀನಿ, ಕೇಳ್ರಿ. ಗಾಡಿ ನಿಂತಾಗ ಎಷ್ಟು ರೇಸ್ ಕೊಟ್ಟರೂ ಆವಾಜಿಲ್ಲ. ಸ್ಪೀಡು ಇಪ್ಪತ್ತಕ್ಕ ಬಂದ್ರ ಸುರು ಆಗ್ತದ. ಅರವತ್ತಕ್ಕ ಜೋರು. ಯಾವ ಗೇರಿದ್ದರೂ ಅಷ್ಟೇ."

ಟ್ರ್ಯಾಕ್ಟರಿನ ಮಾಲಕನೊಬ್ಬ ನಕ್ಕ. "ಸಾಬರಿಗೇ ಪರೀಕ್ಷಾ ಇಟ್ಟಾರ ನೋಡ್ರೋ."

ಮುನಾವರ ಕೈ ಒರೆಸಿಕೊಂಡ. ಆರಡಿ ಎತ್ತರದ ಮನುಷ್ಯ, ಆ ಸೀಟಿನಲ್ಲಿ ಮೊಣಕಾಲು ಎದೆಗೆ ಬಂತು. ಇಬ್ಬರೂ ಅವಳು ದಿನಾ ಹೋಗುವ ಹಳ್ಳಿಯ ಒಳದಾರಿ ಹಿಡಿದರು.

ಅರವತ್ತರಲ್ಲಿ ಆವಾಜು ಚೆನ್ನಾಗಿ ಕೇಳಿಸಿತು. ಬೀಸುವ ಕಲ್ಲಿನಲ್ಲಿ ಹರಳು ಸಿಕ್ಕಂತೆ, ಕರ್ ಕರ್ ಎಂದು, ತಾಳ ತಪ್ಪದೆ. ಯಶೋಧರಾ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿದಳು. ಎಂಜಿನ್ನಿನ ಸದ್ದು ಇಳಿಯಿತು, ಗಾಡಿ ಸುಮ್ಮನೆ ಉರುಳುತ್ತಿತ್ತು. ಕರ್ ಕರ್ ಹಾಗೇ ಇತ್ತು. ವೇಗ ಇಳಿದಂತೆ ಅದೂ ನಿಧಾನವಾಯಿತು.

"ಎಂಜಿನ್ ಅಲ್ಲ, ಕ್ಲಚ್ ಅಲ್ಲ," ಎಂದ ಮುನಾವರ. "ಗೇರ್‌ಬಾಕ್ಸಿನ ಹಿಂದಿನ ಬೇರಿಂಗು. ಅದು ಗಾಲಿ ಜೋಡಿ ತಿರಗತದ."

"ಗಾಲಿ ಜೋಡಿ ತಿರಗೋವು ಬ್ಯಾರೇನೂ ಅದಾವಲ್ರಿ. ಹಿಂದಿನ ಗಾಲಿಗಿ ಹೋಗೋ ಉದ್ದನ ಶಾಫ್ಟ್ ಅದ. ಹಿಂದ ಎರಡೂ ಗಾಲಿಗಿ ತಿರುಗು ಹಂಚೋ ಡಿಫರೆನ್ಶಿಯಲ್ ಅದ. ನೀವು ಕೆಳಗ ಹೊಕ್ಕು ನೋಡೀರೇನು?"

ಮುನಾವರ ರಸ್ತೆಯ ಕಡೆ ಕೈ ತೋರಿಸಿದ. ಮುಂದೆ ರಸ್ತೆಯುದ್ದಕ್ಕೂ ಹುರಳಿ ಹರವಿದ್ದರು. ಕಿತ್ತು ತಂದ ಬಳ್ಳಿ, ಮೊಣಕಾಲೆತ್ತರ. ಬಸ್ಸು, ಟ್ರ್ಯಾಕ್ಟರುಗಳು ತುಳಿದು ಹೋದರೆ ಕಾಯಿ ಒಡೆದು ಕಾಳು ಉದುರುತ್ತದೆ; ಸಂಜೆ ಬಳ್ಳಿ ಝಾಡಿಸಿ ಗುಡಿಸಿಕೊಂಡರಾಯಿತು. ಯಾರೂ ಅಂಚಿನಲ್ಲಿ ತಪ್ಪಿಸಿಕೊಂಡು ಹೋಗದಂತೆ ಎರಡೂ ಕಡೆ ದಪ್ಪ ಕಲ್ಲು ಇಟ್ಟಿದ್ದರು. ಹುರಳಿಯ ಒಡತಿ ಬಸ್ಸಮ್ಮ ಬೇವಿನ ಮರದ ಕೆಳಗಿಂದ ಎದ್ದು ಕೈ ಬೀಸಿದಳು.

"ಬಾರವ್ವಾ ಬಾ, ನಿನ್ನ ದಾರೀನೇ ನೋಡಾಕತ್ತಿದ್ದೆ. ನಡುವ ಹೋಗು! ಏ ಸಾಬಾ, ಹೆಣ್ಮಗಳ ಕೈಲೆ ಗಾಡಿ ಹೊಡಿಸಿ ನೀ ನವಾಬನಂಗ ಕುಂತೀಯೇನು?"

"ಕುಂತಿಲ್ಲಬೇ, ಸಿಕ್ಕೊಂಡೀನಿ," ಎಂದ ಮುನಾವರ.

ಯಶೋಧರಾ ನಕ್ಕು, ದಿನದಂತೆ ನಡುವೆಯೇ ನಿಧಾನಕ್ಕೆ ತುಳಿದುಕೊಂಡು ಹೋದಳು. ದಾರಿಯಲ್ಲಿ ಹರವಿದ ಬೆಳೆಯನ್ನು ಬಿಟ್ಟು ಹೋಗುವುದು ಅವಳಿಗೆ ಸರಿ ಕಾಣುತ್ತಿರಲಿಲ್ಲ. ಅವಳ ಅವ್ವನೂ ಹೀಗೇ ಹರವಿದವಳು. ಬಳ್ಳಿ ಗಾಡಿಯ ಹೊಟ್ಟೆಗೆ ಸರಸರ ಸವರಿತು. ಇಬ್ಬರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ. ಮುಂದೆ ಗಾಡಿ ತಿರುಗಿಸಿ, ಮತ್ತೊಮ್ಮೆ ತುಳಿದುಕೊಂಡೇ ವಾಪಸು ಬಂದರು.

ಗ್ಯಾರೇಜಿಗೆ ಬಂದಾಗ ಮೌನಪ್ಪ ಬೀಡಿ ಹಚ್ಚಲು ಈಚೆ ಬಂದಿದ್ದ. ಕಾರಿನ ಹತ್ತಿರ ನಿಂತು ಮೂಗು ಅರಳಿಸಿದ.

"ಮೇಡಮ್ಮೋರ, ಗಾಡ್ಯಾಗ ಹುರಳಿ ಹುರಿಯಾಕತ್ತೀರೇನ್ರಿ?"

"ಏನು?"

"ವಾಸನಿ ಬರಾಕತ್ತದಲ್ರಿ. ನಮ್ಮವ್ವ ಹುರಳಿ ಹುರದಂಗ."

ಯಶೋಧರಾ ನೋಟುಪುಸ್ತಕ ಮುಚ್ಚಿದಳು. ಆ ವಾಸನೆ ಅವಳಿಗೂ ವಾರದಿಂದ ಬರುತ್ತಿತ್ತು. ಕಾಲೇಜಿನ ಹತ್ತಿರ ಯಾರದೋ ಮನೆಯ ಒಲೆ ಎಂದುಕೊಂಡಿದ್ದಳು. ಆವಾಜಿನ ಬಗ್ಗೆ ನಾಲ್ಕು ಪುಟ ಬರೆದವಳು ವಾಸನೆಯ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ. ಮುನಾವರ ಕೇಳಿಯೂ ಇರಲಿಲ್ಲ.

ಮುನಾವರ ನೆಲಕ್ಕೆ ಕೆನ್ನೆ ಹಚ್ಚಿ ನೋಡಿದ. ಏನೂ ಕಾಣಲಿಲ್ಲ. ಅವನ ಜಾಕು ಟ್ರ್ಯಾಕ್ಟರಿನದು, ಆ ಗಾಡಿಯ ಕೆಳಗೆ ಹೋಗುವುದೇ ಇಲ್ಲ. ಗುಂಡಿಯ ಕಡೆ ನೋಡಿದ. ಒಂದು ಕಪ್ಪೆ ಕೂಗಿತು.

"ಎಷ್ಟು ತೂಕ ಅದರಿ ಇದು?" ಎಂದ ಮೌನಪ್ಪ.

"ಒಂಬತ್ತು ಕ್ವಿಂಟಲ್ ಮ್ಯಾಲ," ಎಂದಳು ಯಶೋಧರಾ.

"ಹನ್ನೆರಡು ಚೀಲ. ಅಷ್ಟೇ ಏನ್ರಿ! ನಮ್ಮ ಹುಡುಗರು ಚಾ ಕುಡಿಯೂ ಮುಂಚೆ ಇಳಸ್ತಾರ." ಅವನು ಗೋದಾಮಿನ ಕಡೆ ತಿರುಗಿ ಕೂಗಿದ.

ಎಂಟು ಜನ ಬಂದರು. ಭತ್ತದ ಚೀಲಗಳನ್ನು ಗಾಲಿಗಳ ಅಂತರಕ್ಕೆ ಎರಡು ಸಾಲಾಗಿ ಒಟ್ಟಿ, ಲಾರಿಯ ಹಲಗೆಗಳನ್ನು ಇಳಿಜಾರಾಗಿ ಹಾಸಿದರು. ಇಬ್ಬರು ಚೀಲಗಳನ್ನು ಒದ್ದು ಗಟ್ಟಿ ಇವೆಯೇ ಎಂದು ನೋಡಿದರು. ನಾಲ್ವರು ಹಿಂದಿನಿಂದ, ಇಬ್ಬರು ಒಂದೊಂದು ಪಕ್ಕದಿಂದ ಗಾಡಿಯನ್ನು ನೂಕಿದರು. ಹಸಿರು ಕಾರು ಚೀಲಗಳ ಮೇಲೆ ಹತ್ತಿ ನಿಂತಿತು. ಗಾಲಿಗಳಿಗೆ ಕಲ್ಲು ಕೊಟ್ಟರು. ಟ್ರ್ಯಾಕ್ಟರಿನವರು ತಮ್ಮ ಸರದಿ ಮರೆತು ಸುತ್ತ ನಿಂತರು.

ಮುನಾವರ ಟಾರ್ಚು ಹಿಡಿದು ಕೆಳಗೆ ನುಗ್ಗಿದ. ಗೇರ್‌ಬಾಕ್ಸಿನಿಂದ ಸುರು ಮಾಡಿದ. ಒಣಗಿತ್ತು, ಎಣ್ಣೆಯ ಗುರುತಿಲ್ಲ. ಶಾಫ್ಟ್ ಅಲ್ಲಾಡಿಸಿದ, ಗೇರ್‌ಬಾಕ್ಸಿನ ತುದಿಯಲ್ಲಿ ಸಡಿಲಿಲ್ಲ. ಹಿಂದಕ್ಕೆ ಸರಿದ. ಡಿಫರೆನ್ಶಿಯಲ್ಲಿನ ಮುಂದೆ, ಶಾಫ್ಟಿನ ಕೊನೆಯ ಕೀಲಿನ ಸುತ್ತ, ಗಂಡಸಿನ ತೊಡೆ ಗಾತ್ರದ ಕಪ್ಪು ಸುರುಳಿ. ಹುರಳಿಯ ಬಳ್ಳಿ. ಸುತ್ತಿ ಸುತ್ತಿ ಹಗ್ಗದಂತೆ ಬಿಗಿದು, ಮಣ್ಣು ಸೇರಿ, ಒಣಗಿ ಕಟ್ಟಿಗೆಯಾಗಿತ್ತು. ಶಾಫ್ಟ್ ತಿರುಗಿದಾಗಲೆಲ್ಲ ಅದರ ಒಂದು ಉಬ್ಬು ಮೇಲಿನ ತಗಡಿಗೆ ತಿಕ್ಕುತ್ತಿತ್ತು. ಒಂದು ಕಡೆ ಸುಟ್ಟು ಕರಕಾಗಿತ್ತು.

ಅವನು ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

"ಸಾಬರು ಮಲಗಿದ್ರೇನೋ," ಎಂದ ಒಬ್ಬ.

"ಕುಡಗೋಲು ಕೊಡ್ರಿ," ಎಂದು ಕೆಳಗಿನಿಂದ ದನಿ ಬಂತು.

ಕತ್ತರಿಸಿ ತೆಗೆಯಲು ಒಂದು ತಾಸು ಹಿಡಿಯಿತು. ಯಶೋಧರಾ ಕೆಳಗೆ ಬಿದ್ದ ತುಂಡುಗಳನ್ನು ಒಂದು ಗೋಣಿಯ ಮೇಲೆ ಹಾಕಿ ಬಡಿದಳು. ಎರಡು ಬೊಗಸೆ ಕಾಳು ಸಿಕ್ಕವು. ಕೆಲವು ಕಂದು, ಕೆಲವು ಹುರಿದು ಕಪ್ಪಾಗಿದ್ದವು. ಡಿಫರೆನ್ಶಿಯಲ್ಲಿನ ಎಣ್ಣೆ ಸೋರದಂತೆ ತಡೆಯುವ ಸೀಲಿನ ಅಂಚು ತುಸು ಒದ್ದೆಯಾಗಿದೆ, ಒಂದು ತರಿಸಿ ಹಾಕಬೇಕು, ಅದು ದೊಡ್ಡ ಮಾತಲ್ಲ ಎಂದ ಮುನಾವರ.

ಗಾಡಿ ಇಳಿಸಿ ಮತ್ತೆ ಇಬ್ಬರೂ ಹೊರಟರು. ಈ ಸಲ ಒಳದಾರಿ ಬಿಟ್ಟು ಹೆದ್ದಾರಿ. ಇಪ್ಪತ್ತು, ನಲವತ್ತು, ಅರವತ್ತು. ಕ್ಲಚ್, ನ್ಯೂಟ್ರಲ್. ಗಾಳಿಯ ಸದ್ದು, ಟಯರಿನ ಸದ್ದು, ಅಷ್ಟೇ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಮಾತ್ರ ಹಿಂದಿನಿಂದ ಸಣ್ಣಗೆ ಸೊಳ್ಳೆಯಂತೆ ಒಂದು ಸಿಳ್ಳು.

"ಇದು?" ಎಂದಳು.

"ಇದು ಡಿಫರೆನ್ಶಿಯಲ್. ಹಲ್ಲು ಸವದಾವ. ಇಪ್ಪತ್ತಾರು ವರ್ಷದ ಆವಾಜು ಇದು, ನಿಮ್ಮ ಹತ್ತು ದಿನದ್ದಲ್ಲ. ಎಣ್ಣಿ ಬದಲಿ ಮಾಡ್ತೀನಿ. ಜೋರಾದ್ರ ಬರ್ರಿ." ಸ್ವಲ್ಪ ತಡೆದು, "ಈ ಸಲ ಕೆಳಗ ನೋಡೇ ಹೇಳಾಕತ್ತೇನಿ," ಎಂದ.

ಗ್ಯಾರೇಜಿನಲ್ಲಿ ಎಲ್ಲರೂ ಇನ್ನೂ ನಿಂತೇ ಇದ್ದರು. ಗಾಡಿ ಮಾರುವುದಿಲ್ಲ ಎಂದು ಯಶೋಧರಾ ದಾರಿಯಲ್ಲೇ ಹೇಳಿದ್ದಳು. ಮುನಾವರ ಫೋನು ತೆಗೆದ. ಒಳಗೆ ಹೋಗಿ ಮಾತಾಡಬಹುದಿತ್ತು, ಹೋಗಲಿಲ್ಲ.

"ಮನ್ಸೂರಭಾಯಿ, ನಾ ಮುನಾವರ, ಶಹಾಪುರ. ನಾಳೆ ಬರಬ್ಯಾಡ್ರಿ. ಮೇಡಂ ಗಾಡಿ ಕೊಡೂದಿಲ್ಲ. ಗೇರ್‌ಬಾಕ್ಸ್ ಛಲೋ ಅದ. ನಾ ಹೇಳಿದ್ದು ತಪ್ಪು... ಹೌದ್ರಿ, ನಾನೇ. ಕೆಳಗ ನೋಡದೇ ಹೇಳಿದ್ದೆ."

ಬೆಳಿಗ್ಗೆ ನಕ್ಕಿದ್ದ ಟ್ರ್ಯಾಕ್ಟರಿನವನು ಏನೋ ಅನ್ನಲು ಬಾಯಿ ತೆರೆದ. ಮೌನಪ್ಪ ಅವನ ಭುಜಕ್ಕೆ ಒಂದು ಕೊಟ್ಟ. "ನಡೀ, ನಿನ್ನ ಪಾಳಿ ಬಂದದ."

ಸೋಮವಾರ ಬೆಳಿಗ್ಗೆ ಯಶೋಧರಾ ಹುರಳಿಯ ಹತ್ತಿರ ಗಾಡಿ ನಿಲ್ಲಿಸಿ ಇಳಿದಳು. ಬಸ್ಸಮ್ಮ ಎದ್ದು ಬಂದಳು.

"ಯಾಕವ್ವಾ, ನಿಂತಿ? ನನ್ನ ಮ್ಯಾಲ ಸಿಟ್ಟೇನು?"

"ನಿಮ್ಮ ಹುರಳಿ, ಅಮ್ಮ. ಗಾಡಿ ಹೊತ್ಕೊಂಡು ಹೋಗಿತ್ತು." ಯಶೋಧರಾ ಸಣ್ಣ ಚೀಲ ಕೊಟ್ಟು, ನಡೆದದ್ದನ್ನು ಹೇಳಿದಳು.

ಬಸ್ಸಮ್ಮ ಚೀಲದ ಬಾಯಿ ಬಿಚ್ಚಿ ಮೂಸಿದಳು. "ಹುರದು ತಂದೀಯಲ್ಲೇ! ಇದು ಬಿತ್ತಾಕ ಬರೂದಿಲ್ಲ, ಮಾರಾಕ ಬರೂದಿಲ್ಲ." ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಅಗಿದಳು. "ಎಣ್ಣಿ ವಾಸನಿ." ಉಗುಳಿದಳು. ಆಮೇಲೆ ಕಾರಿನ ಹೊಟ್ಟೆಯ ಕಡೆ ಬಗ್ಗಿ ನೋಡಿದಳು. "ಹತ್ತು ದಿನ ನಾನೇ ಕರದು ಕರದು ತುಳಿಸ್ಕೊಂಡೀನಿ. ಅದಕ್ಕೆ ಗಾಡಿ ಮಾರಾಕ ಹೊಂಟಿದ್ದೇನು ನೀನು?"

"ಹೂಂ."

"ಹೇಳಬಾರದೇನು?"

"ನನಗೂ ಗೊತ್ತಿರಲಿಲ್ಲ."

ಬಸ್ಸಮ್ಮ ಸೀರೆ ಸಿಕ್ಕಿಸಿ ಎಡ ಅಂಚಿನ ಕಲ್ಲನ್ನು ಎರಡೂ ಕೈಯಿಂದ ನೂಕಿ ಹೊರಳಿಸಿದಳು. ಒಂದು, ಆಮೇಲೆ ಇನ್ನೊಂದು. ಯಶೋಧರಾ ಕೈ ಹಚ್ಚಲು ಹೋದರೆ ಬಿಡಲಿಲ್ಲ. ಕಾಲಿನಿಂದ ಬಳ್ಳಿಯನ್ನು ಒಳಗೆ ಸರಿಸಿದಳು. ಸಣ್ಣ ಗಾಡಿಯ ಅಗಲಕ್ಕೆ ಸರಿಯಾಗಿ ಟಾರು ಕಾಣಿಸಿತು.

"ಹೋಗು ಇನ್ನ. ಕಾಲೇಜಿಗಿ ಹೊತ್ತಾತು."

ಹಸಿರು ಕಾರು ಅಂಚಿನಲ್ಲಿ ಒಂದು ಕಾಳೂ ತುಳಿಯದೆ ದಾಟಿತು. ಹಿಂದೆಯೇ ಬಂದ ಸುರಪುರದ ಬಸ್ಸು ಅದೇ ದಾರಿಯಲ್ಲಿ ಮೂತಿ ತೂರಿಸಿತು. ಬಸ್ಸಮ್ಮ ಅದರ ಮುಂದೆ ಹೋಗಿ ನಿಂತು, ಕೈ ಮಾಡಿ, ಹುರಳಿಯ ಮೇಲೆ ಕಳಿಸಿದಳು.