ಪ್ರತಿನಿಧಿ ಚಂದ್ರವ್ವ

ಖಾನಾಪುರದಲ್ಲಿ ಒಂದೇ ವರ್ಷದಲ್ಲಿ ಮೂರನೇ ಸಲ ಚಂದ್ರವ್ವನ ಪಾತ್ರೆ-ಪಡಗ ಬೀದಿಗೆ ಬಿದ್ದವು. ಮಂಗಳಮುಖಿಗೆ ಮನೆ ಕೊಟ್ಟರೆ ಓಣಿಯ ಮರ್ಯಾದೆ ಉಳಿಯುವುದಿಲ್ಲ ಎಂದ ಮಾಲಕ. ಅವಳಂಥವರೇ ಏಳು ಮಂದಿ, ಹಿರಿಯಳಾದ ಶಾಹಜಾನಬಿಯೂ ಸೇರಿ, ಅವಳದೇ ತಗಡಿನ ಕೋಣೆಯಲ್ಲಿ ಒಬ್ಬರ ಕಾಲಿಗೆ ಒಬ್ಬರ ತಲೆ ಹಚ್ಚಿ ಮಲಗುತ್ತಿದ್ದರು. ಈಗ ಎಂಟಾದರು.

ಎಲ್ಲರಿಗೂ ಇದ್ದದ್ದು ಒಂದೇ ಆಸೆ. ಊರ ಹೊರಗೆ, ಪಾರಿಶ್ವಾಡದ ರಸ್ತೆಗೆ ಹತ್ತಿಕೊಂಡು ಅವರ ಎಂಟು ಮನೆಗಳಿಗಾಗಿ ಸರಕಾರ ಜಾಗ ಗುರುತಿಸಿತ್ತು. ಆ ಕೆಲಸಕ್ಕೆ ಬೆಳಗಾವಿಯಲ್ಲಿ ಸಮಿತಿ ಆಯಿತು. ಸಮುದಾಯದ ಪ್ರತಿನಿಧಿ ಚಂದ್ರವ್ವ.

ಮೊದಲ ಸಭೆಯಲ್ಲಿ ಶಾಲು ಹೊದಿಸಿದರು. ಗುಮಾಸ್ತ ಮೇಡಂ ಎಂದು ಕರೆದು ಕುರ್ಚಿ ಎಳೆದುಕೊಟ್ಟ. ಹುಟ್ಟಿದಂದಿನಿಂದ ಅವಳಿಗೆ ಯಾರೂ ಕುರ್ಚಿ ಎಳೆದುಕೊಟ್ಟಿರಲಿಲ್ಲ. ಊರ ಹೊರಗೆ ಬೇರೆಯಾಗಿ ಇರುವುದು ನಿಮಗೆ ಇಷ್ಟವೇ ಎಂದು ಸಮಿತಿಯ ಸಾಹೇಬರು ಮೆತ್ತಗೆ ಕೇಳಿದರು. ಎದೆಯಲ್ಲಿದ್ದದ್ದು ಬಾಯಿಗೆ ಬಂತು.

"ಮಂದಿ ನಡುವನ ಬಾಳ್ವೆ ಮಾಡಬೇಕಂತ ನಮಗೂ ಆಸೆ ಐತ್ರೀ ಸಾಹೇಬ್ರ. ಊರ ಹೊರಗ ಇರೂದು ಯಾರಿಗೆ ಬೇಕಾಗೇತಿ?"

ಸಾಹೇಬರು ತಲೆದೂಗಿದರು. ಓದಲು ಬಾರದ ಚಂದ್ರವ್ವ, ತೋರಿಸಿದ ಕಡೆ ಹೆಸರು ಬರೆದು ಬಂದಳು.

ನಾಲ್ಕು ತಿಂಗಳಾದ ಮೇಲೆ ನೋಡಿದರೆ ಆ ಜಾಗಕ್ಕೆ ತಂತಿಬೇಲಿ, ಒಳಗೆ ಯಾರದೋ ಗೋದಾಮಿನ ಪಾಯ. ಎಂಟು ಮಂದಿಯಲ್ಲಿ ಕಾಲೇಜು ಕಂಡವಳು ಅಲಿಶಾ ಒಬ್ಬಳೇ. ಅವಳು ಮಾಹಿತಿ ಹಕ್ಕಿನಲ್ಲಿ ಕಾಗದ ತೆಗೆಸಿ, ಎಲ್ಲರ ಮುಂದೆ ಓದಿದಳು. ಊರ ಹೊರಗಿನ ಜಾಗ ಸಮುದಾಯಕ್ಕೆ ಬೇಡವೆಂದು ಪ್ರತಿನಿಧಿಯೇ ತಿಳಿಸಿರುವ ಕಾರಣ ಯೋಜನೆ ಕೈಬಿಡಲಾಗಿದೆ. ಕೆಳಗೆ ಚಂದ್ರವ್ವನ ಸಹಿ.

ಯಾರೂ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಶಾಹಜಾನಬಿ ಎಲೆ-ಅಡಿಕೆ ಮಡಚುತ್ತ ಇಷ್ಟೇ ಕೇಳಿದಳು.

"ಶಾಲು ಬೆಚ್ಚಗ ಐತೇನ ಬೇಟಿ?"

"ನಾ ಅಂದದ್ದು ಖರೇ ಅಮ್ಮಾ. ಊರಾಗ ಕೊಡ್ರಿ ಅನ್ನೂದಿತ್ತು ನನ್ನ ಮನಸಿನ್ಯಾಗ. ಬ್ಯಾಡ ಅಂದಿಲ್ಲ."

"ಗೊತ್ತೈತಿ. ನಿನ್ನ ಬಾಯಿಲೇ ನಮ್ಮನ್ನ ಹೊರಗ ಹಾಕಿಸಿದ್ರು."

ಕಡತ ಮುಚ್ಚಲು ಕರೆದ ಮುಂದಿನ ಸಭೆಯ ದಿನ ಎಂಟೂ ಮಂದಿ ಬೆಳಗಾವಿ ಬಸ್ಸು ಹತ್ತಿದರು. ಸದಸ್ಯರಿಗಷ್ಟೇ ಪ್ರವೇಶ ಎಂದು ಗುಮಾಸ್ತ ಬಾಗಿಲಲ್ಲಿ ಅಡ್ಡ ನಿಂತ. ಈಗ ಅವನ ಬಾಯಲ್ಲಿ ಮೇಡಂ ಇರಲಿಲ್ಲ. ಒಬ್ಬ ಪ್ರತಿನಿಧಿ ಸಾಲದೇ ಎಂದು ಒಳಗಿನಿಂದ ಸಾಹೇಬರು ಸಿಡುಕಿದರು. ಚಂದ್ರವ್ವ ಗುಮಾಸ್ತನನ್ನು ಬಾಜು ಸರಿಸಿ ಒಳಹೋಗಿ ನೆಲದ ಮೇಲೆ ಕುಳಿತಳು. ಅವಳ ಹಿಂದೆ ಏಳು ಮಂದಿ.

"ಒಬ್ಬಾಕಿ ಬಂದಾಗ ಎಂಟು ಮನಿ ಹೋದೂವ್ರಿ. ಇವತ್ತ ಎಲ್ಲಾರೂ ಹೇಳ್ತೀವಿ. ಬರಕೊಳ್ರಿ, ಬರದದ್ದು ಓದಿ ಹೇಳ್ರಿ. ಅಲ್ಲೀತನಕ ನಾವು ಏಳೂದಿಲ್ಲ."

ಸಾಹೇಬರು ಪೊಲೀಸರಿಗೆ ಫೋನು ಹಚ್ಚಿದರು. ಅವರು ಬರುವುದರೊಳಗೆ ಅಲಿಶಾ ತನ್ನ ಹೆಸರು ಹೇಳಿ ಮಾತು ಶುರು ಮಾಡಿದ್ದಳು.